ಒಂದು ರೋಗನಾಮದ ವಿಮರ್ಶೆ: ‘ಮಂಗನ ಕಾಯಿಲೆ’

ಒಂದು ವಸ್ತುವಿಗೆ ಹೆಸರಿಡುವುದೆಂದರೆ ಅದನ್ನು ಕುರಿತು ಒಂದು ಅಭಿಪ್ರಾಯವನ್ನು ಹೇಳಿದಂತೆಯೇ. ಅಭಿಪ್ರಾಯ ತಪ್ಪಿದರೆ ಕಾವ್ಯದಲ್ಲಿ ರಸಭಂಗವಾದೀತು. ಆಸ್ಪತ್ರೆಯಲ್ಲಿ ಪ್ರಾಣಹಾನಿಯೇ ಒದಗೀತು. ಈ ದೃಷ್ಟಿಯಿಂದ ‘ಮಂಗನ ಕಾಯಿಲೆ’ ಎಂಬ ರೂಢನಾಮವನ್ನು ಇಲ್ಲಿ ಪರಿಶೀಲಿಸುತ್ತೇವೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ನೆರೆಯ ಹಳ್ಳಿಗರು ಜ್ವರಕ್ಕೆ ತುತ್ತಾದರು. ಜನರು ಕಣ್ಣಿಗೆ ಕಂಡುದನ್ನೇ ಹೆಸರಾಗಿಸಿದರು. ಅದರಲ್ಲಿ ಒಂದು ಗುಣವುಂಟು: ಸತ್ತ ಮಂಗವು ರೋಗದ ಮುನ್ಸೂಚನೆಯೆಂಬ ಅರಿವನ್ನು ಅದು ಉಳಿಸಿದೆ. ಆದರೆ ಮಂಗವೂ ಮನುಷ್ಯನಂತೆ ರೋಗಕ್ಕೆ ಈಡಾದ ಪ್ರಾಣಿ. ವಿಷಾಣುವನ್ನು ನಮಗೆ ದಾಟಿಸುವುದು ಕಾಡಿನ ಉಣುಗು. ಹೀಗೆ ಈ ಹೆಸರು ಬಲಿಯನ್ನು ಅಪರಾಧಿಯಾಗಿಸಿ ವಾಹಕವನ್ನು ಮರೆಯಿಸುತ್ತದೆ.

ರೋಗವನ್ನು ಬಲ್ಲ ಮಲೆನಾಡಿನಲ್ಲಿ ಈ ದೋಷ ಅಷ್ಟಾಗಿ ಬಾಧಿಸದು. ಕೆರೂರಿನಂತಹ ಬಯಲುಸೀಮೆಯ ಊರಿನಲ್ಲಿ ಬಾಧಿಸುತ್ತದೆ. ಈ ಭಾಗದಿಂದ ಗೋವೆಗೆ ದುಡಿಯಹೋಗುವವರು ಅನೇಕರು. ಗೋವೆಯ ಸತ್ತರಿ ತಾಲೂಕಿನಲ್ಲಿ 2015ರಲ್ಲಿ ಈ ರೋಗ ಕಾಣಿಸಿಕೊಂಡಿತು. ಅಲ್ಲಿಯ ಗೇರುತೋಟದಿಂದ ಮರಳಿದವನೊಬ್ಬನು ತೀವ್ರ ಜ್ವರ, ತಲೆನೋವು, ಮೈಕೈನೋವುಗಳಿಂದ ಕೆರೂರಿನ ವೈದ್ಯರ ಬಳಿಗೆ ಬಂದನೆಂದು ಭಾವಿಸೋಣ. ‘ಸತ್ತ ಮಂಗವನ್ನು ಕಂಡಿರಾ?’ ಎಂದರೆ ಇಲ್ಲವೆನ್ನುವನು; ಶಂಕೆ ಅಲ್ಲಿಗೇ ಮುಗಿಯುವುದು. ‘ಕಳೆದ ಹದಿನೈದು ದಿನ ಎಲ್ಲಿದ್ದಿರಿ? ಉಣುಗು ಕಚ್ಚಿತ್ತೆ?’ ಎಂಬುದೇ ಸರಿಯಾದ ಪ್ರಶ್ನೆ. ಹೆಸರು ಈ ಪ್ರಶ್ನೆಯನ್ನು ಸೂಚಿಸುವುದಿಲ್ಲ.

ಶಂಕೆಗೆ ಇಷ್ಟು ಮಹತ್ವವೇಕೆ? ಈ ರೋಗಕ್ಕೆ ನಿಶ್ಚಿತ ಔಷಧವಿಲ್ಲ. ದೇಹದ ದ್ರವಾಂಶವನ್ನು ಕಾಯ್ದುಕೊಳ್ಳುವುದು, ರಕ್ತಸ್ರಾವವನ್ನು ಗಮನಿಸುತ್ತಿರುವುದು, ಅದನ್ನು ಹೆಚ್ಚಿಸುವ ಆಸ್ಪಿರಿನ್ನನ್ನು ವರ್ಜಿಸುವುದು, ಇವೇ ಚಿಕಿತ್ಸೆಯ ಮುಖ್ಯಾಂಶಗಳು. ಇವನ್ನು ಬೇಗನೆ ಆರಂಭಿಸಬೇಕು. ರೋಗಿಗಳಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಈ ಜ್ವರವು ಮನುಷ್ಯನಿಂದ ಮನುಷ್ಯನಿಗೆ ಹರಡುವಂಥದಲ್ಲ. ಆದರೆ ಬೇರೊಂದು ಜಾತಿಯ ಉಣುಗಿನಿಂದ ಬರುವ ಕ್ರಿಮಿಯನ್-ಕಾಂಗೋ ಜ್ವರವು 2011ರಲ್ಲಿ ಗುಜರಾತಿನಲ್ಲಿ ರೋಗಿಯನ್ನು ಉಪಚರಿಸಿದ ವೈದ್ಯರನ್ನೂ ದಾದಿಯನ್ನೂ ಬಲಿತೆಗೆದುಕೊಂಡಿತು. ರಕ್ತಪರೀಕ್ಷೆಯ ಫಲ ತಿಳಿಯುವವರೆಗೆ ಬಂದಿರುವುದು ಯಾವ ಜ್ವರವೆಂದು ಹೇಳಲಾಗದು. ಆದುದರಿಂದ ಶಂಕೆ ಮೂಡಿದೊಡನೆ ರೋಗಿಯನ್ನು ಪ್ರತ್ಯೇಕವಾಗಿರಿಸಿ, ಕೈಗವಸು ಮುಖಗವಸುಗಳನ್ನು ಧರಿಸಿಯೇ ಶುಶ್ರೂಷೆ ಮಾಡಬೇಕು.

ಜನರ ಬಾಯಲ್ಲಿ ನೆಲೆಸಿದ ಹೆಸರನ್ನು ಅಳಿಸಬೇಕೆಂಬುದು ನಮ್ಮ ವಾದವಲ್ಲ. ಅದರ ಜೊತೆಗೆ ‘ಉಣುಗುಜ್ವರ’ ಎಂಬ ಮಾತನ್ನೂ ಪಾಠಗಳಲ್ಲಿ, ಆರೋಗ್ಯಪತ್ರಿಕೆಗಳಲ್ಲಿ ಬಳಸುವುದು ಸಮೀಚೀನವೆಂದು ಸೂಚಿಸುತ್ತೇವೆ. ಉಣುಗಿನಿಂದ ಬರುವ ಇತರ ಜ್ವರಗಳೂ ಇದರೊಡನೆ ಬೆರೆತಾವೆಂಬ ಆಕ್ಷೇಪ ಬರಬಹುದು. ಶಂಕೆಯ ಹಂತದಲ್ಲಿ ಆ ಬೆರಕೆಯೇ ಕ್ಷೇಮಕರ. ವಿಂಗಡಿಸುವ ಕೆಲಸ ಪ್ರಯೋಗಾಲಯದ್ದು.