ಯೂಫ್ರಟಿಸ್ ತಿಂಗಳು ಹೇಳುವುದಿಲ್ಲ

ಪರ್ಷಿಯಾದ ದೊರೆಯಾಗಿದ್ದ ಅಣ್ಣನ ಸಿಂಹಾಸನ ಕಸಿಯಲೆಂದು ಕ್ರಿ.ಪೂ. 401ರಲ್ಲಿ ಕಿರಿಯ ಸೈರಸ್ ಗ್ರೀಕ್ ಬಾಡಿಗೆ ಸೈನಿಕರನ್ನು ಕಟ್ಟಿಕೊಂಡು ಸಾರ್ಡಿಸ್‌ನಿಂದ ಬ್ಯಾಬಿಲೋನಿನ ಕಡೆಗೆ ಹೊರಟ. ಜೊತೆಗಿದ್ದ ಸೆನೊಫನ್ ತನ್ನ ‘ಅನಬಾಸಿಸ್’ನಲ್ಲಿ ಎಷ್ಟು ಪಯಣ, ಎಲ್ಲಿ ಎಷ್ಟು ದಿನ ಬೀಡು ಎಂಬುದನ್ನೆಲ್ಲ ಲೆಕ್ಕವಿಟ್ಟಿದ್ದಾನೆ, ತಿಂಗಳನ್ನು ಮಾತ್ರ ಹೇಳುವುದಿಲ್ಲ. ಆ ಕೊರತೆ ತುಂಬಲು ನದಿಯನ್ನು ಸಾಕ್ಷಿಗೆ ಕರೆಯುವುದು ಹಳೆಯ ರೂಢಿ. ಥಾಪ್ಸಾಕಸ್ ಬಳಿ ಸೇನೆ ಯೂಫ್ರಟಿಸನ್ನು ನಡೆದೇ ಹಾಯಿತು, ನೀರು ಎದೆ ದಾಟಲಿಲ್ಲ. ಹಿಮ ಕರಗಿ ಏಪ್ರಿಲ್-ಮೇನಲ್ಲಿ ಉಕ್ಕುವ ನದಿ ಬೇಸಿಗೆಯ ಕೊನೆಗೆ ಇಳಿಯುತ್ತದೆ. ಹಾಗಾದರೆ ಜುಲೈ ಕೊನೆ, ಇಲ್ಲವೇ ಆಗಸ್ಟ್ ಎಂದು ತೀರ್ಪು.

ಆದರೆ ಅದೇ ಪುಟದಲ್ಲಿ ಊರಿನವರ ಮಾತೂ ಇದೆ: ಈ ನದಿಯನ್ನು ಹಿಂದೆಂದೂ ಯಾರೂ ನಡೆದು ದಾಟಿದ್ದಿಲ್ಲ, ದೋಣಿಯೇ ಬೇಕು. ದೋಣಿಗಳನ್ನು ದೊರೆಯ ಸೇನಾನಿ ಅಬ್ರೊಕಾಮಸ್ ಆಗಲೇ ಸುಟ್ಟಿದ್ದ. ಮುಂದೆ ದೊರೆಯಾಗುವವನಿಗೆ ನದಿಯೇ ತಲೆಬಾಗಿತು ಎಂದು ಜನ ಬಗೆದರು. ಇದು ನಿಜವಾದರೆ ಆ ವರ್ಷ ನೀರು ವಾಡಿಕೆಗಿಂತ ತೀರ ಕಡಿಮೆ. ಹಿಮ ಕೈಕೊಟ್ಟ ವರ್ಷ ನದಿ ಜೂನ್‌ಗೇ ಇಳಿದಿರಬಹುದು. ಬರೀ ಮುಖಸ್ತುತಿಯಾದರೆ (ಅಧಿಕಾರದ ಮುಂದೆ ಜನ ಹೀಗೆ ಮಾತಾಡುವುದು ಹೊಸದೇನಲ್ಲ) ಆ ಕಡವು ಪ್ರತಿವರ್ಷ ಎಷ್ಟೋ ವಾರ ಹಾಯುವಂತಿತ್ತು. ಯಾವುದನ್ನು ಒಪ್ಪಿದರೂ ಪ್ರವಾಹದ ದಿನಗಳನ್ನು ಬಿಡಬಹುದು. ಅದಕ್ಕಿಂತ ಹೆಚ್ಚು ಏನೂ ಸಿಗದು. ಥಾಪ್ಸಾಕಸ್ ಎಲ್ಲಿತ್ತೆಂಬುದೇ ಇನ್ನೂ ಇತ್ಯರ್ಥವಾಗಿಲ್ಲದಿರುವಾಗ ಅಲ್ಲಿನ ಆಳದ ಮೇಲೆ ಪಂಚಾಂಗ ಕಟ್ಟುವುದು ದುಡುಕು.

ಸೇನೆ ಅಲ್ಲಿಂದ ಕೆಳಕ್ಕೆ ಹೋಗಿ ಚಾರ್ಮಾಂದೆ ಪಟ್ಟಣದೆದುರು ಬೀಡುಬಿಟ್ಟಾಗ, ನೀರು ಇನ್ನಷ್ಟು ತಗ್ಗಿರಬೇಕಾದ ದಿನಗಳಲ್ಲಿ, ಸೈನಿಕರು ಚರ್ಮದ ಚೀಲಗಳಿಗೆ ಹುಲ್ಲು ತುಂಬಿ ಹೊಲಿದು, ಅವುಗಳ ಮೇಲೆ ನದಿ ದಾಟಿ ಖರ್ಜೂರದ ಮದ್ಯ ತಂದರು. ಎಪ್ಪತ್ತು ವರ್ಷಗಳ ಮೇಲೆ, ಕ್ರಿ.ಪೂ. 331ರಲ್ಲಿ, ಅಲೆಕ್ಸಾಂಡರ್ ಥಾಪ್ಸಾಕಸ್‌ಗೆ ಬಂದದ್ದು ಹೆಕಟೊಂಬಯಾನ್ ಮಾಸದಲ್ಲಿ ಎನ್ನುತ್ತಾನೆ ಇತಿಹಾಸಕಾರ ಅರಿಯನ್, ಅದು ಜುಲೈ-ಆಗಸ್ಟ್. ಅವನು ದಾಟಿದ್ದು ಸೇತುವೆ ಕಟ್ಟಿಸಿ. ಭಾರಿ ಸೇನೆಗೆ ಹಾಯುವ ನೀರಿದ್ದರೂ ಸೇತುವೆ ಲೇಸೆನಿಸಬಹುದು, ಒಪ್ಪೋಣ. ಆದರೆ ಋತುವೊಂದೇ ನಿರ್ಧರಿಸುತ್ತದೆ ಎನ್ನುವವರು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಇನ್ನು ಸೈರಸ್ ಮತ್ತು ಅವನ ಅಣ್ಣನ ನಡುವಿನ ಕುನಾಕ್ಸಾ ಯುದ್ಧದ ನಂತರದ ಮಾತು. ಗ್ರೀಕರ ದಾರಿಯಲ್ಲಿ ಕಾಲುವೆಗಳು ತುಂಬಿ ಹರಿಯುತ್ತಿದ್ದವು. ಖರ್ಜೂರದ ಮರ ಕಡಿದು ಹಾಸಿ ದಾಟಬೇಕಾಯಿತು. ಸೇನಾನಿ ಕ್ಲಿಯಾರ್ಕಸ್‌ಗೆ ಅನುಮಾನ ಬಂತು: ಇದು ಗದ್ದೆಗೆ ನೀರು ಹಾಯಿಸುವ ಕಾಲವಲ್ಲ, ನಮ್ಮನ್ನು ಹೆದರಿಸಲು ದೊರೆಯೇ ನೀರು ಬಿಡಿಸಿದ್ದಾನೆ ಎಂದು. ನೀರನ್ನೂ ಕಾಲವನ್ನೂ ಸೆನೊಫನ್ ಸ್ವತಃ ಜೋಡಿಸಿ ಹೇಳುವ ಈ ಪ್ರಸಂಗದಲ್ಲಿ, ನೀರು ಕಾಲಕ್ಕೆ ತಕ್ಕಂತೆ ಇರಲಿಲ್ಲ.