ದಲ್ಲಾಳಿಯ ವಹಿವಾಟು ಯಾವುದು?

ಭಾರತೀಯ ಸ್ಪರ್ಧಾ ಆಯೋಗ 2012ರಲ್ಲಿ ಒಳಒಪ್ಪಂದದ ಕೂಟ ಕಟ್ಟಿದ್ದಕ್ಕಾಗಿ 11 ಸಿಮೆಂಟ್ ಕಂಪನಿಗಳ ಮೇಲೆ 6,000 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಆ ಪ್ರಕರಣ ಮೇಲ್ಮನವಿಗಳಲ್ಲಿ ಅಲೆದದ್ದು ಎಲ್ಲರಿಗೂ ಗೊತ್ತು. ಆದರೂ ಆ ಮೊತ್ತದ ಬೆರಗು ಇಳಿದಿಲ್ಲ. ಕೃಷಿ ಮಾರುಕಟ್ಟೆಯಲ್ಲಿ ಒಳಒಪ್ಪಂದ ಮಾಡಿಕೊಂಡು ಬೆಲೆ ತುಳಿಯುವವರಿಗೂ ಇದೇ ಮದ್ದು ಎಂದು ವಾದಿಸುವವರು ಇದ್ದಾರೆ. ರೋಗ ನಿಜ. ಬೆಂಗಳೂರಿನ ಐಸೆಕ್ ಎಂಬ ಸಂಶೋಧನಾ ಸಂಸ್ಥೆ ಇದೇ ಆಯೋಗಕ್ಕಾಗಿ ಮಹಾರಾಷ್ಟ್ರ, ಕರ್ನಾಟಕಗಳ ಈರುಳ್ಳಿ ಮಾರುಕಟ್ಟೆಗಳನ್ನು ಅಧ್ಯಯನ ಮಾಡಿ, ಖರೀದಿ ಕೆಲವೇ ದೊಡ್ಡ ವ್ಯಾಪಾರಿಗಳ ಹಿಡಿತದಲ್ಲಿರುವುದನ್ನು ತೋರಿಸಿತ್ತು. ಮದ್ದು ಮಾತ್ರ ಈ ಮೈಗೆ ಹತ್ತುವುದಿಲ್ಲ.

ದಂಡದ ಬಗ್ಗೆ ಆಯೋಗದ 2024ರ ಮಾರ್ಗಸೂಚಿಯ ಒಂದು ಸಾಲನ್ನು ನೋಡಿ. ದಂಡದ ಲೆಕ್ಕ ಶುರುವಾಗುವುದು ಹಿಂದಿನ ಮೂರು ವರ್ಷಗಳ ಸರಾಸರಿ 'ಸಂಬಂಧಿತ ವಹಿವಾಟಿ'ನ ಶೇ 30ರವರೆಗಿನ ಮೊತ್ತದಿಂದ. ತಪ್ಪು ನಡೆದ ಸರಕಿನ ವಹಿವಾಟನ್ನಷ್ಟೇ ಎಣಿಸಬೇಕೆಂಬುದು 2017ರ ಎಕ್ಸೆಲ್ ಕ್ರಾಪ್ ಕೇರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ತತ್ವ. ಹತ್ತು ಬಗೆಯ ಸರಕು ಮಾರುವ ಕಂಪನಿಗೆ ಇದು ನ್ಯಾಯವೇ. ಆದರೆ ರೈತನ ಮಾಲನ್ನು ಹರಾಜಿಗಿಡುವ ದಲ್ಲಾಳಿ ಮಾರುವುದು ತನ್ನ ಸರಕನ್ನಲ್ಲ. ಈರುಳ್ಳಿ ರೈತನದು, ಅಡತಿ ಅಂಗಡಿಯ ಪುಸ್ತಕಕ್ಕೆ ಆದಾಯವಾಗಿ ಏರುವುದು ಕಮಿಷನ್ ಮಾತ್ರ. ವರ್ಷಕ್ಕೆ 1 ಕೋಟಿ ರೂಪಾಯಿಯ ಮಾಲು, ಶೇ 5ರ ಕಮಿಷನ್ ಎಂದಿಟ್ಟುಕೊಳ್ಳಿ. ವಹಿವಾಟು 5 ಲಕ್ಷ, ಅದರ ಶೇ 30 ಅಂದರೆ ಒಂದೂವರೆ ಲಕ್ಷ. ಒಪ್ಪಂದದಿಂದ ಬೆಲೆ ಶೇ 10ರಷ್ಟು ಕುಸಿದಿದ್ದರೆ ರೈತರು ಕಳೆದುಕೊಂಡದ್ದು ಸುಮಾರು 11 ಲಕ್ಷ! ಕಾಯ್ದೆಯ ಮಿತಿ ಇನ್ನೂ ಮೇಲಿದೆ, ಒಪ್ಪುತ್ತೇನೆ: ಕೂಟ ನಡೆದ ಪ್ರತಿ ವರ್ಷಕ್ಕೂ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇ 10, ಯಾವುದು ಹೆಚ್ಚೋ ಅದು. ಆದರೆ ಆ ಲಾಭವೂ ಪುಸ್ತಕದ ಲಾಭವೇ. ಬಿಲ್ಲಿಲ್ಲದೆ ನಡೆಯುವ ಬಿಳಿ ಚೀಟಿಯ ವ್ಯವಹಾರ ಯಾವ ಪುಸ್ತಕದಲ್ಲಿದೆ?

ಕೂಟದೊಳಗಿನವನೇ ಬಾಯಿ ಬಿಟ್ಟರೆ ದಂಡ ಪೂರ್ತಿ ಮಾಫಿಯಾಗುವ ಅವಕಾಶವನ್ನೂ ಈ ವಾದಿಗಳು ಕೊಂಡಾಡುತ್ತಾರೆ. ಮರುದಿನ ಅದೇ ಸಾಲಿನಲ್ಲಿ ಅಂಗಡಿ ತೆರೆದು, ಅದೇ ಖರೀದಿದಾರರನ್ನು ಹರಾಜಿಗೆ ಕರೆಯಬೇಕಾದವನ ಪಾಡನ್ನು ಅವರು ಯೋಚಿಸಿದಂತಿಲ್ಲ. ಇನ್ನು ವಸೂಲಾದ ದಂಡ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ರೈತನಿಗೆ ಪರಿಹಾರ ಬೇಕಿದ್ದರೆ ಆಯೋಗದ ತೀರ್ಪಿನ ಬಳಿಕ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ ಬೇರೆಯೇ ಅರ್ಜಿ ಹಾಕಬೇಕು. ನಾಲ್ಕು ಚೀಲ ಈರುಳ್ಳಿ ತಂದವನು ಈ ದಾರಿ ಹಿಡಿಯುವುದುಂಟೆ?

ಹಳತೆಂದು ಇದೇ ವಾದಿಗಳು ತಳ್ಳಿಹಾಕುವ ಕರ್ನಾಟಕದ 1966ರ ಎಪಿಎಂಸಿ ಕಾಯ್ದೆಯಲ್ಲಿ ಲೈಸೆನ್ಸ್ ಅಮಾನತಿನ ಅಧಿಕಾರವಿದೆ. ಸುಗ್ಗಿಯಲ್ಲಿ ಒಂದು ತಿಂಗಳು ಅಂಗಡಿ ಮುಚ್ಚಿದರೆ ರೈತರು ಪಕ್ಕದ ಅಂಗಡಿಗೆ ಮಾಲು ಇಳಿಸುತ್ತಾರೆ, ಮತ್ತೆ ಬರುವ ಭರವಸೆಯೂ ಇರುವುದಿಲ್ಲ. ದಲ್ಲಾಳಿ ಹೆದರುವುದು ಅದಕ್ಕೆ. ಆಯೋಗವು ದಂಡವನ್ನು ಕಮಿಷನ್ನಿನ ಮೇಲಲ್ಲ, ಕೈದಾಟಿದ ಮಾಲಿನ ಬೆಲೆಯ ಮೇಲೆ ಎಣಿಸುವವರೆಗೆ ಈ ಹಳೆಯ ಅಧಿಕಾರವನ್ನೇ ಮಾರುಕಟ್ಟೆ ಸಮಿತಿಗಳು ಬಳಸಲಿ.