ಗುರಾಣಿ ಹಿಡಿದವರು, ಕೋಲು ಬರೆದವಳು

ಕೆನಡಾದ ಪೂರ್ವದ ತುದಿಯಲ್ಲಿರುವ ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತ್ಯದ ಲಾಂಛನವನ್ನು ನಾನು ಮೊದಲ ಸಲ ನೋಡಿದಾಗ ತಪ್ಪಾಗಿ ಓದಿಕೊಂಡೆ. ನಡುವೆ ಕೆಂಪು ಗುರಾಣಿ. ಅದನ್ನು ನಾಲ್ಕು ಭಾಗ ಮಾಡುವ ಬಿಳಿ ಶಿಲುಬೆ. ಎರಡು ಭಾಗಗಳಲ್ಲಿ ಚಿನ್ನದ ಸಿಂಹ, ಇನ್ನೆರಡರಲ್ಲಿ ಬೆಳ್ಳಿಯ ಏಕಶೃಂಗಿ. ಮೇಲೆ ಒಂದು ದೊಡ್ಡ ಜಿಂಕೆ. ಕೆಳಗೆ ಲ್ಯಾಟಿನ್ನಿನಲ್ಲಿ, ಮೊದಲು ದೇವರ ರಾಜ್ಯವನ್ನು ಹುಡುಕಿರಿ ಎಂಬ ಅರ್ಥದ ಬೈಬಲ್ ಮಾತು. ಗುರಾಣಿಯ ಎರಡೂ ಬದಿಗೆ ಇಬ್ಬರು ಮೂಲನಿವಾಸಿಗಳು. ಬ್ರಿಟನ್ನಿನ ರಾಜಲಾಂಛನದಲ್ಲಿ ಸಿಂಹ ಮತ್ತು ಏಕಶೃಂಗಿ ನಿಲ್ಲುವ ಜಾಗದಲ್ಲಿ ಇಲ್ಲಿ ಮನುಷ್ಯರು ನಿಂತಿದ್ದಾರೆ. ಪರವಾಗಿಲ್ಲ, ಆ ನೆಲದವರಿಗೆ ಜಾಗ ಕೊಟ್ಟಿದ್ದಾರೆ ಎಂದುಕೊಂಡೆ.

ಆ ಚಿತ್ರ ಹುಟ್ಟಿದ್ದು ಯಾವಾಗ, ಬಳಕೆಗೆ ಬಂದದ್ದು ಯಾವಾಗ ಎಂದು ನೋಡಿದ ಮೇಲೆ ಆ ಓದು ಉಳಿಯಲಿಲ್ಲ. ಎರಡು ಇಸವಿಗಳ ನಡುವೆ ಹೆಚ್ಚುಕಡಿಮೆ ಮುನ್ನೂರು ವರ್ಷಗಳಿವೆ. ಚಿತ್ರದಲ್ಲಿರುವ ಆ ಇಬ್ಬರ ಜನಾಂಗದ ಕಥೆ ನಡೆದು ಹೋದದ್ದು ಆ ನಡುವಿನಲ್ಲಿ.

1637ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಚಾರ್ಲ್ಸ್, ನ್ಯೂಫೌಂಡ್‌ಲ್ಯಾಂಡ್ ದ್ವೀಪವನ್ನು ಡೇವಿಡ್ ಕರ್ಕ್ ಎಂಬ ಸಾಹಸಿ ವ್ಯಾಪಾರಿಗೂ ಅವನ ಶ್ರೀಮಂತ ಪಾಲುದಾರರಿಗೂ ಬರೆದುಕೊಟ್ಟ. ಅದರ ಬೆನ್ನಿಗೇ ಲಾಂಛನವೂ ಬಂತು. ಲಾಂಛನಶಾಸ್ತ್ರದಲ್ಲಿ ಚಿತ್ರಕ್ಕಿಂತ ಮೊದಲು ಬರುವುದು ವರ್ಣನೆ. ಪದಗಳಲ್ಲಿ ಏನು ಹೇಳಿದೆಯೋ ಅದೇ ಲಾಂಛನ, ಚಿತ್ರಕಾರ ಅದನ್ನು ತನ್ನ ಕೈಗೆ ಬಂದಂತೆ ಬಿಡಿಸಬಹುದು. ಇಲ್ಲಿನ ವರ್ಣನೆ ಆ ಇಬ್ಬರನ್ನು ಕರೆದದ್ದು ಆ ಸೀಮೆಯ ಅನಾಗರಿಕರು ಎಂದು. ಅವರು ಯುದ್ಧಕ್ಕೆ ಹೊರಟಾಗ ತೊಡುವ ಉಡುಗೆಯಲ್ಲಿ, ಆಯುಧ ಹಿಡಿದು ನಿಂತಿರಬೇಕು ಎಂದೂ ಅದು ಹೇಳಿತು. ಅವರಿಗೆ ಹೆಸರಿರಲಿಲ್ಲ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಕವಿಸಮಯ ಎಂಬ ಮಾತಿದೆ. ಚಕೋರ ಬೆಳದಿಂಗಳು ಕುಡಿಯುತ್ತದೆ, ಹಂಸ ಹಾಲು ನೀರನ್ನು ಬೇರ್ಪಡಿಸುತ್ತದೆ. ನಿಜವಲ್ಲವೆಂದು ಎಲ್ಲರಿಗೂ ಗೊತ್ತು, ಆದರೂ ಒಪ್ಪಿಕೊಂಡು ಓದುತ್ತೇವೆ. ಲಾಂಛನಶಾಸ್ತ್ರಕ್ಕೂ ಅಂಥ ಒಪ್ಪಂದಗಳಿವೆ, ಏಕಶೃಂಗಿಯೇ ಸಾಕ್ಷಿ. ಮೇಲಿರುವ ಜಿಂಕೆಯನ್ನು ವರ್ಣನೆ ಎಲ್ಕ್ ಎನ್ನುತ್ತದೆ. ಆ ದ್ವೀಪದಲ್ಲಿ ಆಗ ಇದ್ದದ್ದು ಕ್ಯಾರಿಬೂ, ಎಲ್ಕ್ ಅಲ್ಲ. ಎಲ್ಕ್ ಅಂದರೆ ಮೂಸ್ ಎಂದು ಹಿಡಿದರೂ ಲೆಕ್ಕ ಸರಿಹೋಗದು. ಮೂಸ್‌ಗಳನ್ನು ಹೊರಗಿನಿಂದ ತಂದು ಅಲ್ಲಿ ಬಿಟ್ಟದ್ದು 1878ರಲ್ಲಿ, ಮತ್ತೆ 1904ರಲ್ಲಿ. ಲಂಡನ್ನಿನಲ್ಲಿ ಕೂತು ಬರೆದವರಿಗೆ ಕಾಡು ಎಂದರೆ ಒಂದು ಕೊಂಬಿನ ಪ್ರಾಣಿ ಬೇಕಿತ್ತು, ಅಷ್ಟೆ.

ತೊಂದರೆ ಇರುವುದು, ಮನುಷ್ಯರನ್ನೂ ಅದೇ ಕವಿಸಮಯದೊಳಗೆ ಸೇರಿಸಿದ್ದರಲ್ಲಿ. ಏಕಶೃಂಗಿಗೆ ಇದರಿಂದ ನಷ್ಟವಿಲ್ಲ, ಏಕೆಂದರೆ ಅದು ಎಲ್ಲೂ ಇರಲಿಲ್ಲ. ಬಿಯೊಥಕ್ ಜನ ಇದ್ದರು.

ದೇಹಕ್ಕೂ ದೋಣಿಗೂ ಸಾಮಾನುಗಳಿಗೂ ಕೆಮ್ಮಣ್ಣು ಬಳಿಯುತ್ತಿದ್ದ ಅವರನ್ನು ಯುರೋಪಿನವರು ರೆಡ್ ಇಂಡಿಯನ್ನರು ಎಂದರು. ಕಡಲತಡಿಯ ಮೀನು, ಸೀಲ್, ಹಕ್ಕಿಗಳು, ಹೊಳೆಯ ಸಾಲ್ಮನ್, ಒಳನಾಡಿನ ಕ್ಯಾರಿಬೂ, ಇವು ಋತುವಿಗೆ ತಕ್ಕಂತೆ ಅವರ ಬದುಕು. ಇಂಗ್ಲಿಷ್ ಮೀನುಗಾರಿಕೆ ಬೆಳೆದಂತೆ ತೀರ ಅವರ ಕೈತಪ್ಪಿತು. ಅವರು ಎಕ್ಸ್‌ಪ್ಲಾಯ್ಟ್ಸ್ ನದಿಯ ಗುಂಟ ಒಳಕ್ಕೆ ಸರಿದರು. ಹಸಿವು, ಕ್ಷಯ, ತುಪ್ಪಳ ಬೇಟೆಗಾರರ ಬಂದೂಕು ಮೂರೂ ಸೇರಿ ಅವರನ್ನು ಕರಗಿಸಿದವು. 1819ರ ಮಾರ್ಚ್‌ನಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಡೆಮಾಸ್ಡುಯಿಟ್ ಎಂಬ ಹೆಣ್ಣುಮಗಳನ್ನು ಸೆರೆಹಿಡಿದರು. ಬಿಡಿಸಲು ಬಂದ ಗಂಡ ನೊನೊಸಬಸುಟ್‌ನನ್ನು ಅಲ್ಲೇ ಕೊಂದರು. ಮರುವರ್ಷ ಜನವರಿಯಲ್ಲಿ ಆಕೆ ಕ್ಷಯದಿಂದ ತೀರಿಕೊಂಡಳು. ಆಕೆಯ ಬಂಧು ಶಾನಡಿತಿಟ್ 1823ರಲ್ಲಿ ತಾಯಿ, ಸಹೋದರಿಯ ಜೊತೆ ಸಿಕ್ಕಿಬಿದ್ದಳು. ಅವರಿಬ್ಬರೂ ಬೇಗ ಸತ್ತರು. ಇವಳು ವಸಾಹತಿಗನೊಬ್ಬನ ಮನೆಯಲ್ಲಿ ಕೆಲಸದವಳಾಗಿದ್ದು, ಕೊನೆಗೆ ಸೇಂಟ್ ಜಾನ್ಸ್ ಊರಿನಲ್ಲಿ 1829ರ ಜೂನ್ 6ರಂದು ತೀರಿಕೊಂಡಳು. ಅಲ್ಲಿಗೆ ಬಿಯೊಥಕ್ ಜನಾಂಗ ಮುಗಿಯಿತು ಎಂದು ಪಠ್ಯಪುಸ್ತಕಗಳು ಬರೆದುಕೊಂಡವು. ತಮ್ಮ ಕುಟುಂಬಗಳಲ್ಲಿ ಬಿಯೊಥಕ್ ರಕ್ತ ಬೆರೆತಿದೆ ಎನ್ನುವ ಮಿಕ್ಮಾಕ್ ಜನರ ಬಾಯಿಮಾತಿನ ನೆನಪು ಮಾತ್ರ ಆ ಪೂರ್ಣವಿರಾಮವನ್ನು ಒಪ್ಪಿಲ್ಲ.

ಈ ಎಲ್ಲ ಕಾಲ ಆ ಲಾಂಛನ ಎಲ್ಲಿತ್ತು? ಲಂಡನ್ನಿನ ದಾಖಲೆಗಳಲ್ಲಿ ಮಲಗಿತ್ತು. ನ್ಯೂಫೌಂಡ್‌ಲ್ಯಾಂಡ್‌ನವರಿಗೇ ಅದು ಮರೆತುಹೋಗಿತ್ತು. ಮೊದಲ ಮಹಾಯುದ್ಧದಲ್ಲಿ, 1916ರ ಜುಲೈ 1ರಂದು ಬೋಮೊಂಟ್ ಹ್ಯಾಮೆಲ್‌ನಲ್ಲಿ ಆ ಪುಟ್ಟ ನಾಡಿನ ರೆಜಿಮೆಂಟು ಅರ್ಧ ಗಂಟೆಯಲ್ಲಿ ನುಚ್ಚುನೂರಾಯಿತು. ಸುಮಾರು 800 ಮಂದಿ ಮುನ್ನುಗ್ಗಿದ್ದರು, ಮರುದಿನದ ಹಾಜರಿಗೆ ಓಗೊಟ್ಟವರು 68. ಸತ್ತವರ ಸ್ಮಾರಕಕ್ಕೆ ನಾಡಿನ ಲಾಂಛನ ಬೇಕೆಂದು 1920ರ ದಶಕದಲ್ಲಿ ಯುದ್ಧಸಮಾಧಿಗಳ ಆಯೋಗ ವಿಚಾರಿಸಿದಾಗ ಹಳೆಯ ಕಡತ ಹೊರಬಂತು. 1928ರಲ್ಲಿ ಅದನ್ನು ಅಧಿಕೃತವಾಗಿ ಒಪ್ಪಿಕೊಂಡರು. ಶಾನಡಿತಿಟ್ ಸತ್ತು ಆಗ 99 ವರ್ಷ.

ತನ್ನ ಮಕ್ಕಳ ಸಾವನ್ನು ನೆನೆಯಲು ಹೊರಟ ನಾಡಿಗೆ ಕೈಗೆ ಸಿಕ್ಕಿದ್ದು ಇನ್ನೊಂದು ಸಾವಿನ ಚಿತ್ರ. ಅದು ಸಾವಿನ ಚಿತ್ರವೆಂದು ಯಾರಿಗೂ ಅನ್ನಿಸಿದಂತಿಲ್ಲ. 1637ರಲ್ಲಿ ಅಜ್ಞಾನವಾಗಿದ್ದದ್ದು 1928ರಲ್ಲಿ ಅಲಂಕಾರವಾಯಿತು. ಅದೇ ಗೆರೆಗಳು, ಅರ್ಥ ಮಾತ್ರ ಬೇರೆ. ಈಗ ಆ ಇಬ್ಬರು ಹಿಡಿದು ನಿಂತಿರುವುದು ತಮ್ಮನ್ನು ತೀರದಿಂದ ಅಟ್ಟಿದ ರಾಜ್ಯದ ಗುರಾಣಿಯನ್ನು.

1949ರಲ್ಲಿ ನ್ಯೂಫೌಂಡ್‌ಲ್ಯಾಂಡ್ ಕೆನಡಾ ಸೇರಿತು. 1952ರಲ್ಲಿ ಯೂನಿಯನ್ ಜ್ಯಾಕನ್ನೇ ಪ್ರಾಂತ್ಯದ ಬಾವುಟವೆಂದು ಉಳಿಸಿಕೊಂಡಿತು. ಸ್ವಂತ ಬಾವುಟ ಬಂದದ್ದು 1980ರಲ್ಲಿ, ಕಲಾವಿದ ಕ್ರಿಸ್ಟೊಫರ್ ಪ್ರ್ಯಾಟ್ ಕೈಯಿಂದ. ಬಿಳಿ ಹಿಮಕ್ಕೆ, ನೀಲಿ ಕಡಲಿಗೆ, ಕೆಂಪು ಮನುಷ್ಯನ ದುಡಿಮೆಗೆ, ಹೊಂಬಣ್ಣ ಆತ್ಮವಿಶ್ವಾಸಕ್ಕೆ. ಕೆಂಪು ಗೆರೆಯ ಎರಡು ತ್ರಿಕೋನಗಳು ದ್ವೀಪಕ್ಕೂ ಲ್ಯಾಬ್ರಡಾರ್‌ಗೂ. ಹೊಂಬಣ್ಣದ ಬಾಣ ಮುಂದಿನ ದಿನಗಳತ್ತ ತೋರಿಸುತ್ತದೆ. ಬಾವುಟವನ್ನು ಕೆಳಮುಖವಾಗಿ ಇಳಿಬಿಟ್ಟರೆ ಅದೇ ಬಾಣ ಖಡ್ಗವಾಗಿ ಯುದ್ಧದಲ್ಲಿ ಮಡಿದವರನ್ನು ನೆನಪಿಸುತ್ತದೆ. ಇದು ಒಳ್ಳೆಯ ಕಲ್ಪನೆ. ಒಂದೇ ಗೆರೆ ಎರಡು ಕಾಲಗಳನ್ನು ಹೇಳುವುದು ಚಿತ್ರಕಾರನ ನಿಜವಾದ ಗೆಲುವು.

ಅಧಿಕೃತ ವಿವರಣೆ ಅಲ್ಲಿಗೆ ನಿಲ್ಲುವುದಿಲ್ಲ. ದೂರದಿಂದ ನೋಡಿದರೆ ಇದೇ ಬಾವುಟದಲ್ಲಿ ಕ್ರೈಸ್ತ ಶಿಲುಬೆ, ಮೇಪಲ್ ಎಲೆಯ ಅಂಚು, ಬಾಹ್ಯಾಕಾಶ ಯುಗ, ಜೊತೆಗೆ ಬಿಯೊಥಕ್ ಮತ್ತು ನಸ್ಕಪಿ ಜನರ ಆಭರಣದ ವಿನ್ಯಾಸವೂ ಕಾಣುತ್ತವೆ ಎನ್ನುತ್ತದೆ. ಧ್ವನಿಯಾಗಿ ಉಳಿಯಬೇಕಾದದ್ದನ್ನು ಹೀಗೆ ಪಟ್ಟಿ ಮಾಡಿ ವಾಚ್ಯ ಮಾಡಿದರೆ ಎಲ್ಲ ಅರ್ಥಕ್ಕೂ ಒಂದೇ ತೂಕ ಬಂದುಬಿಡುತ್ತದೆ. ಲಾಂಛನದಲ್ಲಿ ಬಿಯೊಥಕ್ ಜನ ಹೆಸರಿಲ್ಲದ ದೇಹವಾಗಿದ್ದರು. ಬಾವುಟದಲ್ಲಿ ಹೆಸರು ಬಂತು, ದೇಹ ಹೋಯಿತು. ಉಳಿದದ್ದು ಒಂದು ವಿನ್ಯಾಸ. ಬಾವುಟ ಮೊದಲು ಹಾರಿದ್ದು ಜೂನ್ 24ರಂದು, ಕ್ಯಾಬಟ್ 1497ರಲ್ಲಿ ಬಂದಿಳಿದದ್ದರ ನೆನಪಿನ ಡಿಸ್ಕವರಿ ಡೇ ದಿನ. ಆ ಹಬ್ಬದ ಹೆಸರನ್ನೇ ಸರ್ಕಾರ 2020ರಲ್ಲಿ ಕೈಬಿಟ್ಟಿತು.

ಇದಕ್ಕೆ ಹೋಲಿಸಿದರೆ ಲ್ಯಾಬ್ರಡಾರ್‌ನ ಜನ 1974ರಲ್ಲಿ ತಾವಾಗಿಯೇ ಮಾಡಿಕೊಂಡ ಬಾವುಟ ಸರಳ. ಬಿಳಿ, ಹಸಿರು, ನೀಲಿ ಪಟ್ಟಿಗಳು, ಮೂಲೆಯಲ್ಲಿ ಒಂದು ಸ್ಪ್ರೂಸ್ ಮರದ ಚಿಗುರು. ಅದರ ಮೂರು ಕವಲುಗಳು ಇನುಯಿಟ್, ಇನ್ನು, ವಲಸಿಗರು. ಎಲ್ಲರೂ ಒಂದೇ ಕೊಂಬೆಯಲ್ಲಿದ್ದಾರೆ, ಯಾರೂ ಯಾರ ಗುರಾಣಿಯನ್ನೂ ಹಿಡಿದು ನಿಂತಿಲ್ಲ.

2018ರಲ್ಲಿ ಪ್ರಾಂತ್ಯದ ಸರ್ಕಾರ, ಮೂಲನಿವಾಸಿ ಸಮುದಾಯಗಳ ಜೊತೆ ಮಾತಾಡಿ ಲಾಂಛನವನ್ನು ಮರುರೂಪಿಸುವುದಾಗಿ ಹೇಳಿತು. 2024ರಲ್ಲಿ ಕಾನೂನಿನ ವರ್ಣನೆಯಿಂದ ಅನಾಗರಿಕ ಎಂಬ ಪದ ತೆಗೆದು ಬಿಯೊಥಕ್ ಎಂದು ಸೇರಿಸುವ ಹೆಜ್ಜೆ ಇಟ್ಟಿತು. ಪದ ಬದಲಾಗಬೇಕಿತ್ತು, ಅನುಮಾನವಿಲ್ಲ. ಆದರೆ ನನಗೊಂದು ಕಸಿವಿಸಿ. ಹಳೆಯ ಪದದಲ್ಲಿ ಅವಮಾನವಿತ್ತು. ಜೊತೆಗೆ, ಬರೆದವನಿಗೆ ಇವರು ಯಾರೆಂದು ಗೊತ್ತಿರಲಿಲ್ಲ ಎಂಬ ಪ್ರಾಮಾಣಿಕ ಸಾಕ್ಷ್ಯವೂ ಇತ್ತು. ಅದೇ ಆಕೃತಿಗೆ ಈಗ ಬಿಯೊಥಕ್ ಎಂಬ ಚೀಟಿ ಅಂಟಿಸಿದರೆ, 1637ರ ಕಲ್ಪನೆ ಆ ಜನರ ಭಾವಚಿತ್ರವಾಗಿ ಬಡ್ತಿ ಪಡೆಯುತ್ತದೆ. ಹಾಗಾದರೆ ತೆಗೆದುಹಾಕಬೇಕೆ? ತೆಗೆದರೆ ಅವರು ಇನ್ನೊಮ್ಮೆ ಇಲ್ಲವಾಗುತ್ತಾರೆ. ಈ ಇಕ್ಕಟ್ಟು ಸುಳ್ಳಲ್ಲ. ಆದರೆ ಬಿಯೊಥಕ್ ಜನರ ಬಗ್ಗೆ ನಮಗೆ ಉಳಿದಿರುವುದು ಬೇರೆಯವರ ಚಿತ್ರ ಮಾತ್ರ ಎಂದು ಒಪ್ಪಿಕೊಂಡಾಗ ಮಾತ್ರ ಅದು ಬಿಡಿಸಲಾಗದ್ದು.

ಹಾಗಿಲ್ಲ. ಶಾನಡಿತಿಟ್ ತನ್ನ ಕೊನೆಯ ತಿಂಗಳುಗಳಲ್ಲಿ ಚಿತ್ರ ಬಿಡಿಸಿದಳು. ಬಿಯೊಥಕ್ ಸಂಸ್ಥೆ ಕಟ್ಟಿದ್ದ ವಿಲಿಯಂ ಕಾರ್ಮ್ಯಾಕ್ ಆಕೆಗೆ ಕಾಗದ, ಪೆನ್ಸಿಲ್ ಕೊಟ್ಟ. 1819ರ ಆ ಸರೋವರವನ್ನು ಅವಳು ನೆನಪಿನಿಂದ ನಕ್ಷೆ ಮಾಡಿದಳು. ತನ್ನ ಜನರನ್ನು ಕೆಂಪಿನಲ್ಲಿ, ಬಂದೂಕಿನವರನ್ನು ಕಪ್ಪಿನಲ್ಲಿ ಬರೆದಳು. ಮನೆ, ಈಟಿ, ಆಹಾರ ಸಂಗ್ರಹ ಎಲ್ಲವನ್ನೂ ಬಿಡಿಸಿದಳು. ಒಂದು ಹಾಳೆಯಲ್ಲಿ ಉದ್ದನೆಯ ಕೋಲುಗಳ ಸಾಲಿದೆ. ಒಂದರ ತುದಿಯಲ್ಲಿ ತಿಮಿಂಗಿಲದ ಬಾಲ, ಒಂದರಲ್ಲಿ ಅರ್ಧಚಂದ್ರ, ಒಂದರಲ್ಲಿ ದೋಣಿ. ಜೇಮ್ಸ್ ಹೌಲಿ 1915ರ ತನ್ನ ಪುಸ್ತಕದಲ್ಲಿ ಈ ಚಿತ್ರಗಳನ್ನು ಅಚ್ಚು ಮಾಡಿದ. ಅಂದರೆ 1928ರಲ್ಲಿ ಲಂಡನ್ನಿನ ಲಾಂಛನವನ್ನು ಒಪ್ಪಿಕೊಳ್ಳುವಾಗ, ಬಿಯೊಥಕ್ ಜನರ ಸ್ವಂತ ಲಾಂಛನಗಳು ಅಚ್ಚಾಗಿ 13 ವರ್ಷವಾಗಿತ್ತು.

ಈ ಹಾಳೆಯೂ ಶುದ್ಧ ದನಿಯಲ್ಲ ಎಂಬುದನ್ನು ಮರೆಯಬಾರದು. ಕಾಗದ ಕಾರ್ಮ್ಯಾಕ್‌ನದು, ಅಂಚಿನ ಇಂಗ್ಲಿಷ್ ಟಿಪ್ಪಣಿಗಳೂ ಅವನವು. ಡೆಮಾಸ್ಡುಯಿಟ್ ಮತ್ತು ಆಕೆಯ ಗಂಡನ ತಲೆಬುರುಡೆಗಳನ್ನು ಸಮಾಧಿಯಿಂದ ತೆಗೆದು ಎಡಿನ್‌ಬರ್ಗ್‌ಗೆ ಕಳಿಸಿದವನೂ ಅವನೇ. ಮಿಕ್ಮಾಕ್ ಮುಖಂಡ ಮಿಸೆಲ್ ಜೋ ವರ್ಷಗಟ್ಟಲೆ ಪಟ್ಟುಹಿಡಿದ ಮೇಲೆ ಅವು ಊರಿಗೆ ಮರಳಿದ್ದು 2020ರಲ್ಲಿ. ಆ ಕೋಲುಗಳ ಅರ್ಥ ನಮಗೆ ಪೂರ್ತಿ ತಿಳಿಯುವುದಿಲ್ಲ. ಅದು ಕೊರತೆ ಎಂದು ನನಗೆ ಅನ್ನಿಸುವುದಿಲ್ಲ. ಬಾವುಟದ ಪಟ್ಟಿಯಲ್ಲಿ ಎಲ್ಲವೂ ತಿಳಿದುಬಿಡುತ್ತದೆ. ಇಲ್ಲಿ ಬಿಡಿಸಿದವಳಿಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದ್ದು ಇದೆ. ಆ ಅಂತರವನ್ನು ಒಪ್ಪಿ ಓದುವುದೇ ಅವಳಿಗೆ ಕೊಡಬಹುದಾದ ಮರ್ಯಾದೆ.

ಹೊಸ ಲಾಂಛನದಲ್ಲಿ ಆ ಕೋಲುಗಳನ್ನು ಸೇರಿಸಿ ಎಂದು ನಾನು ಹೇಳಲಾರೆ. ಅದು ಮಿಕ್ಮಾಕ್, ಇನ್ನು, ಇನುಯಿಟ್ ಜನ ಕೂತು ತೀರ್ಮಾನಿಸಬೇಕಾದ ಮಾತು. ಓದುವವಳಾಗಿ ನಾನು ಕೇಳುವುದು ಇಷ್ಟೆ: ಲಾಂಛನದ ಆ ಇಬ್ಬರನ್ನು ನೋಡುವ ಪ್ರತಿಯೊಬ್ಬರ ಮುಂದೆಯೂ ಶಾನಡಿತಿಟ್‌ಳ ಹಾಳೆ ಇರಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ದಿನವೇ ನನ್ನ ಮೊದಲ ಓದು ತಪ್ಪೆಂದು ನನಗೆ ಗೊತ್ತಾದದ್ದು.